ಎರಡೂವರೆ ಇಂಚಿನ ತೂತೂ ನಿಮ್ಮ ಪರವಾನಗಿಯೂ

ಕಟ್ಟಡ ಪರವಾನಗಿ ಕಚೇರಿಯ ನಕ್ಷೆ ಪರಿಶೀಲಕ ಮಹಾಶಯರೇ,

ಎಂಟರಿಂದ ನಾಲ್ಕರೊಳಗೆ ಯಾವಾಗಲಾದರೂ ಬರುತ್ತೇನೆಂದಿದ್ದ ನಿಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಇಂದು ನಾಲ್ಕಾಗುವ ಹೊತ್ತಿಗೆ ದಯಮಾಡಿಸಿದರು. ಅಡುಗೆಮನೆಯ ಹೊಸ್ತಿಲೂ ದಾಟದೆ ಕಾರ್ಡಿಗೆ ಸಹಿ ಗೀಚಿ ಹೊರಟರು. ರಜೆ ಹಾಕಿ ಕಾದು ಕೂತವನ ಹೊಟ್ಟೆಯುರಿ ಇದು, ತಪ್ಪು ತಿಳಿಯಬೇಡಿ. ತಿಳಿದರೂ ಪರವಾಗಿಲ್ಲ.

ಇಟ್ಟಿಗೆ ಗೋಡೆಯ ಊರಿಂದ ಅಮೆರಿಕಕ್ಕೆ ಬಂದವನು ನಾನು. ಇಲ್ಲಿ ನನ್ನ ಅಡುಗೆಮನೆಯ ಹೊರಗೋಡೆಯ ಮೇಲೆ ಮಲಗುವ ಕೋಣೆ, ಅದರ ಮೇಲೆ ಸೂರು. ಹೊರುವುದು 16 ಇಂಚಿಗೊಂದರಂತೆ ನಿಂತ ‘ಎರಡು-ನಾಲ್ಕು’ ಸ್ಟಡ್‌ಗಳೆಂಬ ಮರದ ಕಂಬಗಳು. ಅಳೆದರೆ 1.5ಕ್ಕೆ 3.5 ಇಂಚು, ಉಳಿದ ಅರ್ಧರ್ಧ ಇಂಚು ಮಿಲ್ಲಿನವರು ತಿಂದದ್ದು.

ಆ ಸ್ಟಡ್‌ಗೆ ನೀವು ಕೇಳದ ಲೆಕ್ಕವಿಲ್ಲ. ಮೇಲಿನ ಭಾರಕ್ಕೆ ಬಳುಕೀತೇ, ಗಾಳಿ ನೂಕಿದರೆ ಎಷ್ಟು ಬಾಗೀತು, ಎರಡೂ ಒಟ್ಟಿಗೆ ಬಂದರೆ? ಕೊಟ್ಟೆ. ಸ್ಟಡ್ ಊರಿದ ಕೆಳಪಟ್ಟಿ ಜಜ್ಜಿಹೋಗದೇ? ಸ್ಪ್ರೂಸ್-ಪೈನ್-ಫರ್ ಮರಕ್ಕೆ ನಾರಿಗೆ ಅಡ್ಡಲಾಗಿ ಚದರ ಇಂಚಿಗೆ 425 ಪೌಂಡ್ ಎಂದು ಅದನ್ನೂ ಕೊಟ್ಟೆ. ಆಮೇಲೆ, ಎತ್ತರವನ್ನು ಕಿರುಬದಿಯ 1.5ರಿಂದ ಭಾಗಿಸಿದರೆ 50ರ ಮಿತಿ ದಾಟುತ್ತದಲ್ಲ ಅಂದಿರಿ. ಸ್ವಾಮೀ, ಹಲಗೆ ಬಡಿದ ಮೇಲೆ ಆ ದಿಕ್ಕಿಗೆ ಬಳುಕಲು ಎಡೆಯೆಲ್ಲಿ ಅಂದರೆ, ‘ಹಲಗೆ ಬಡಿಯುತ್ತೀರೆಂದು ನಕ್ಷೆಯಲ್ಲಿ ಎಲ್ಲಿದೆ?’ ಎಂದು ಕಡತ ವಾಪಸ್ಸು. ಹಲಗೆಯಿಲ್ಲದ ಸ್ಟಡ್‌ಗಳ ಸಂದಿಯಲ್ಲಿ ಯಾರಾದರೂ ಸಂಸಾರ ಮಾಡುತ್ತಾರೆಯೇ?

ಅಂತೂ ಮಂಜೂರಾಯಿತು. ಪ್ಲಂಬರ್ ಬಂದ. ‘ಎರಡಿಂಚಿನ’ ಪೈಪ್ ಹೊರಗಿಂದ 2⅜ ಇಂಚು. ಅದು ತೂರಲೆಂದು ಎರಡೂವರೆ ಇಂಚು ಕೊರೆದ. ಮೂರೂವರೆ ಇಂಚಿನ ಸ್ಟಡ್‌ನಲ್ಲಿ! ಭಾರ ಹೊರುವ ಗೋಡೆಯಲ್ಲಿ ತೂತು ಸ್ಟಡ್‌ನ ಅಗಲದ ಶೇ. 40 ಮೀರಬಾರದೆಂದು ನಿಮ್ಮದೇ ಸಂಹಿತೆ. ಅಂದರೆ 1.4 ಇಂಚು. ಜೋಡಿ ಸ್ಟಡ್ ಹಾಕಿದರೆ ಶೇ. 60, ಅದೂ 2.1 ಅಷ್ಟೆ. ಅಂಚಿನಲ್ಲಿ ⅝ ಇಂಚು ಮರ ಉಳಿಯಬೇಕು. ಉಳಿದದ್ದು ಅತ್ತ ಅರ್ಧ, ಇತ್ತ ಅರ್ಧ. ಮಿಲ್ಲಿನವರು ತಿಂದದ್ದನ್ನೆಲ್ಲ ಕಕ್ಕಿದರೂ ಲೆಕ್ಕ ಕೂಡುವುದಿಲ್ಲ.

ಪ್ಲಂಬರ್‌ನನ್ನು ಕೇಳಿದರೆ ‘ಪೈಪ್ ಮತ್ತೆಲ್ಲಿ ಹೋಗಬೇಕು?’ ಅಂದ. ಇನ್ಸ್‌ಪೆಕ್ಟರಿಗೆ ಬೆರಳು ಮಾಡಿ ತೋರಿಸಿದೆ. ‘ಲುಕ್ಸ್ ಗುಡ್’ ಅಂದರು. ಕಾಗದದ ಸ್ಟಡ್‌ಗೆ ಬಿಂದುವಿನಾಚೆ ಎರಡಂಕಿ ಕೇಳಿದ ಕಚೇರಿ ಮರದ ಸ್ಟಡ್‌ಗೆ ಟೇಪ್ ಹಿಡಿಯಲಿಲ್ಲ. ನಾಚಿಕೆಯಾಗಬೇಕು ನಿಮಗೆ. ನನ್ನ ಮಗಳು ಮಲಗುವುದು ಸರಿಯಾಗಿ ಆ ತೂತಿನ ಮೇಲೆ.

ಸೋಮವಾರ ಜಿಪ್ಸಂ ಹಲಗೆಯವರು ಬರುತ್ತಾರೆ. ನಕ್ಷೆಯಲ್ಲಿ ಎಲ್ಲಿದೆ ಎಂದು ಕೇಳಬೇಡಿ, ಮೂರನೆಯ ಹಾಳೆಯಲ್ಲಿದೆ. ಅಷ್ಟರೊಳಗೆ ನೀವೇ ಬಂದು ಅಳೆಯಿರಿ. ಟೇಪ್ ನಾನು ಕೊಡುತ್ತೇನೆ.

ಇಂತಿ,
ನಿಮ್ಮ ಕಡತದ ಅರ್ಜಿದಾರ