ಚಾಂಪಿಯನ್ ಆಗೋದು ಹೇಗೆ?

(ಅಮೆರಿಕದ ಷಾರ್ಲಟ್‌ನ ಒಂದು ಮನೆ. ಟಿವಿ ಮುಂದೆ ಅಜ್ಜ, ಮೊಮ್ಮಗ.)

ಮೊಮ್ಮಗ: ಅಜ್ಜ, ನಾಸ್ಕಾರ್ ಕಾರ್ ರೇಸ್‌ನಲ್ಲಿ ಚಾಂಪಿಯನ್ ಆಗೋದು ಹೇಗೆ?

ಅಜ್ಜ: ಯಾವ ವರ್ಷದ್ದು ಹೇಳಲಿ? 2003ರವರೆಗೆ ವರ್ಷವಿಡೀ ಕೂಡಿಟ್ಟ ಅಂಕ ಸಾಕಿತ್ತು. 2004ರಲ್ಲಿ ಕೊನೆಯ ಹತ್ತು ರೇಸ್‌ಗೆ ‘ಚೇಸ್’ ಅನ್ನೋ ಹೊಸ ಲೆಕ್ಕ. 2014ರಿಂದ 2025ರವರೆಗೆ ಕೊನೆಗೆ ಉಳಿದ ನಾಲ್ವರು, ತೀರ್ಮಾನಕ್ಕೆ ಒಂದೇ ರೇಸ್.

ಮೊಮ್ಮಗ: 2025ರ ಫೈನಲ್‌ನಲ್ಲಿ ಡೆನ್ನಿ ಹ್ಯಾಮ್ಲಿನ್ 208 ಸುತ್ತುಗಳಲ್ಲಿ ಮುಂದಿದ್ದರಲ್ವಾ?

ಅಜ್ಜ: ಇದ್ದರು. ಒಂದು ಸುತ್ತಿನಲ್ಲೂ ಮುಂದಿರದ ಕೈಲ್ ಲಾರ್ಸನ್ ಚಾಂಪಿಯನ್!

ಮೊಮ್ಮಗ: ನನ್ನ ಮೆಚ್ಚಿನ ಸ್ಟುವರ್ಟ್-ಹಾಸ್ ರೇಸ್ ತಂಡ ಏನಾಯ್ತು? ಅಂಗಿ ತಗೊಂಡಿದ್ದೆ!

ಅಜ್ಜ: 2024ರ ಕೊನೆಗೆ ಬಾಗಿಲು ಹಾಕ್ತು. ಅಂಗಿ ನೆಲ ಒರೆಸೋಕಾಗುತ್ತೆ.

ಮೊಮ್ಮಗ: 2026ಕ್ಕೆ ನಿಯಮ ಏನು?

ಅಜ್ಜ: ಕೊನೆಗೆ ಮತ್ತೆ ಹತ್ತು ರೇಸ್‌ಗಳ ‘ಚೇಸ್’. ಹಳೇ ಹೆಸರು, ಹೊಸ ಉತ್ಸಾಹ.

ಮೊಮ್ಮಗ: ಆಮೇಲೆ?

ಅಜ್ಜ: ನಿಯಮಾನ ಪೆನ್ಸಿಲ್‌ನಲ್ಲಿ ಬರ್ಕೋ ಮಗಾ. ರಬ್ಬರ್ ಕೈಗೆ ಸಿಗೋ ಹಾಗೆ ಇಟ್ಕೋ.