ಸೆಟ್ಟಿಂಗ್ಸ್ ಮೀಮಾಂಸೆ

ಕಂಪ್ಯೂಟರಿನೊಡನೆ ಬಂದ ತಂತ್ರಾಂಶವನ್ನು ಬಂದ ಹಾಗೆಯೇ ಬಳಸುವವರನ್ನು ಈ ಪ್ರಬಂಧದಲ್ಲಿ 'ಯಥಾಸ್ಥಿತಿವಾದಿಗಳು' ಎಂದೂ, ತಮ್ಮ ಕೈಗೆ ಒಗ್ಗುವಂತೆ ತಿರುಚಿಕೊಳ್ಳುವವರನ್ನು 'ಸೆಟ್ಟಿಂಗ್ಸ್ ಪಂಥದವರು' ಎಂದೂ ಕರೆಯಲಾಗುವುದು. ಯಥಾಸ್ಥಿತಿವಾದಿಗಳ ಬಗ್ಗೆ ಹೇಳಲು ಏನೂ ಇಲ್ಲ. ಅವರು ಕೆಲಸ ಮುಗಿಸಿ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಾರೆ.

ಪಂಥದ ಮೂಲಪೀಠ ಅಮೆರಿಕದ ಎಂಐಟಿ. ಅಲ್ಲಿನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಟೆಕೊ ಎಂಬ ಎಡಿಟರ್ ಇತ್ತು. ಒಬ್ಬೊಬ್ಬರೂ ತಮಗೆ ಬೇಕಾದ ಮ್ಯಾಕ್ರೊಗಳನ್ನು ಬರೆದುಕೊಂಡು, ಕಡೆಗೆ ಒಬ್ಬರ ಎಡಿಟರ್ ಇನ್ನೊಬ್ಬರಿಗೆ ತಿಳಿಯದಂತಾಯಿತು. ಇದನ್ನು ಸರಿಪಡಿಸಲು ಗೈ ಸ್ಟೀಲ್ ಎಲ್ಲರ ಮ್ಯಾಕ್ರೊಗಳನ್ನೂ ಒಂದುಗೂಡಿಸಲು ಹೊರಟರು. ರಿಚರ್ಡ್ ಸ್ಟಾಲ್‌ಮನ್ ಕೆಲಸ ಮುಂದುವರಿಸಿದರು. ಹೀಗೆ 1976ರಲ್ಲಿ ಇಮ್ಯಾಕ್ಸ್ ಹುಟ್ಟಿತು. ಎಲ್ಲರಿಗೂ ಒಂದೇ ಆಗಲೆಂದು ಹುಟ್ಟಿದ ಆ ಎಡಿಟರಿನ ಹೆಚ್ಚುಗಾರಿಕೆಯೆಂದರೆ, ಅದರಲ್ಲಿ ಯಾರು ಏನನ್ನು ಬೇಕಾದರೂ ಬದಲಿಸಿಕೊಳ್ಳಬಹುದು. ಶಾಸ್ತ್ರದಲ್ಲಿ ಇದಕ್ಕೆ 'ಸಮಸ್ಯೆಯ ಜೀರ್ಣೋದ್ಧಾರ' ಎನ್ನುತ್ತಾರೆ.

ಕನ್ನಡ ಶಾಖೆಯ ಕೊಡುಗೆ ಕಡಿಮೆಯದಲ್ಲ. ಸ್ಕ್ರಾಲ್ ಲಾಕ್ ಎಂಬ ಕೀಲಿ ಏತಕ್ಕಿದೆಯೆಂದು ಕೇಳಿದರೆ ಮಾರಿದವರೂ ತಲೆ ಕೆರೆದುಕೊಳ್ಳುತ್ತಿದ್ದರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಬಂದು, ಅದನ್ನೊತ್ತಿದರೆ ಕನ್ನಡ, ಮತ್ತೊತ್ತಿದರೆ ಇಂಗ್ಲಿಷ್ ಎಂದಾದ ಮೇಲೆ ಆ ಕೀಲಿಯ ಜನ್ಮ ಸಾರ್ಥಕವಾಯಿತು.

ಆಮೇಲೆ ಎದುರಾದದ್ದು ವರ್ಡಿನ ಆಟೋಕರೆಕ್ಟ್. ವಾಕ್ಯದ ಮೊದಲಕ್ಷರ ದೊಡ್ಡದಿರಬೇಕೆಂಬುದು ಅದರ ಹಟ. ನುಡಿಯ ಹಳೆಯ ಫಾಂಟುಗಳಲ್ಲಿ ತೆರೆಯ ಮೇಲೆ 'ಡ' ಕಂಡರೂ ಒಳಗೆ ಕೂತಿರುವುದು ಇಂಗ್ಲಿಷಿನ ಸಣ್ಣ ಕ್ಯೂ, ಜೊತೆಗೊಂದು ತಲೆಕಟ್ಟು. ದೊಡ್ಡ ಕ್ಯೂ ಆದರೆ ಅದು 'ಕಿ'. ಹಾಗಾಗಿ ಗ್ರಾಮಸ್ಥರಿಗೆ ಡಂಗುರ ಹೊಡೆಸಬೇಕೆಂದು ಆದೇಶ ಬರೆಯಲು ಕೂತರೆ, ಡಕಾರ ಹೋಗಿ ಕಿಕಾರ ಬಂದು, ಪಕ್ಕದಲ್ಲಿ ದಿಕ್ಕಿಲ್ಲದ ಒಂದು ತಲೆಕಟ್ಟು ನಿಂತಿರುತ್ತಿತ್ತು. ಇಂಗ್ಲಿಷ್ ಆದೇಶದ ಮೂರನೆಯ ಉಪಖಂಡಕ್ಕೆ ಆವರಣದಲ್ಲಿ ಸಿ ಹಾಕಿದರಂತೂ ಕಾಪಿರೈಟ್ ಮುದ್ರೆಯೇ ಬೀಳುತ್ತದೆ. ಸರ್ಕಾರಿ ಆದೇಶವನ್ನು ಯಾರು ಕದಿಯುತ್ತಾರೋ ತಿಳಿಯದು.

ಈ ಹಟವನ್ನು ಮುರಿದವರು ನಮ್ಮ ಗುಮಾಸ್ತರು. ಅವರಲ್ಲಿ ಪಂಥದ ಸಿದ್ಧಪುರುಷರೊಬ್ಬರನ್ನು ಊಹಿಸಿಕೊಳ್ಳಿ. ಬೇಡದ ಟಿಕ್ಕುಗಳನ್ನೆಲ್ಲ ತೆಗೆದು, ಆಟೋಕರೆಕ್ಟನ್ನೇ ಆಳಾಗಿಸಿಕೊಂಡು, 'ಮಾ' ಎಂದೊಡನೆ 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ತಾನೇ ಮೂಡುವಂತೆ ಮಾಡಿಟ್ಟಿದ್ದಾರೆ. ಅಷ್ಟರಲ್ಲಿ ವರ್ಗಾವಣೆ. ಅವರು ಹೋದರು, ಲಾಗಿನ್ ಉಳಿಯಿತು. ಆ ಕುರ್ಚಿಗೆ ಬಂದ ಯಥಾಸ್ಥಿತಿವಾದಿ ಹೆಣ್ಣುಮಗಳು ಮೊದಲ ದಿನವೇ 'ಮಾ. ಸಚಿವರು ನಾಳೆ ಆಗಮಿಸಲಿದ್ದಾರೆ' ಎಂದು ಟೈಪಿಸುತ್ತಾರೆ. ತೆರೆಯ ಮೇಲೆ: 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ. ಸಚಿವರು ನಾಳೆ ಆಗಮಿಸಲಿದ್ದಾರೆ.'

ಇಲ್ಲಿ ಪೂರ್ವಪಕ್ಷ: ಪಟ್ಟಿಗೆ ಹೋಗಿ ಆ ಒಂದು ನಮೂದನ್ನು ಅಳಿಸಿದರಾಯಿತಲ್ಲ?

ಉತ್ತರಪಕ್ಷ: ಇಲ್ಲ. ವಾರದೊಳಗೆ ಆಕೆಗೂ ಅದರ ರುಚಿ ಹತ್ತಿದೆ. ದಿನಕ್ಕೆ ಹತ್ತಾರು ಪತ್ರ ಬರೆಯುವವರಿಗೆ ಎರಡು ಒತ್ತಿಗೆ ಒಂದಿಡೀ ಸಾಲು ಬೀಳುವ ಸುಖ ಸಾಮಾನ್ಯವೇ? ತಂತ್ರಾಂಶವನ್ನು ಒಬ್ಬರು ತಮ್ಮ ಅಭ್ಯಾಸಕ್ಕೆ ಬಗ್ಗಿಸಿದರೆ, ಅವರು ಎದ್ದುಹೋದ ಮೇಲೆ ಅದು ಮುಂದಿನವರನ್ನು ಅದೇ ಅಭ್ಯಾಸಕ್ಕೆ ಬಗ್ಗಿಸುತ್ತದೆಂಬುದು ನಮ್ಮ ಸಿದ್ಧಾಂತ. ಯಥಾಸ್ಥಿತಿವಾದಿಗೆ ಯಥಾಸ್ಥಿತಿಯೆಂದರೆ ಹಿಂದಿನವರ ಸೆಟ್ಟಿಂಗ್ಸೇ.

ಆದ್ದರಿಂದ ಆಕೆ ನಮೂದನ್ನು ಮುಟ್ಟದೆ, ಸಚಿವರನ್ನು ತಿದ್ದಿದರು. ಆ ಕಚೇರಿಯ ಪತ್ರಗಳಲ್ಲಿ ಈಗ 'ಮಾ.' ಎಂಬುದಿಲ್ಲ. ಸಚಿವರು, ಶಾಸಕರು, ತಾಲ್ಲೂಕು ಪಂಚಾಯಿತಿಯ ಮಾಜಿ ಸದಸ್ಯರವರೆಗೆ ಸಕಲರೂ 'ಸನ್ಮಾನ್ಯ'ರೇ. ಈ ಬಡ್ತಿಗೆ ಯಾರ ಕಡೆಯಿಂದಲೂ ಆಕ್ಷೇಪಣೆ ಬಂದಿಲ್ಲ.