ಕಾಕಾ ಬಾಯಿ ಮುಚ್ಚಿದ ಪ್ರಸಂಗ

ಮುಂಡಗೋಡ ತಾಲ್ಲೂಕಿನ ಇಂದೂರಿಗೆ ಬಂದು ‘ಕಾಕಾ ಎಲ್ಲಿದ್ದಾರ?’ ಅಂತ ಕೇಳಿ ನೋಡಿ. ‘ಯಾವ ಕಾಕಾ?’ ಎಂದು ಯಾರೂ ತಿರುಗಿ ಕೇಳುವುದಿಲ್ಲ, ಬಸ್‌ಸ್ಟ್ಯಾಂಡಿನ ಕಡೆ ಕೈ ತೋರಿಸುತ್ತಾರೆ. ಹುಬ್ಬಳ್ಳಿಗೆ ಹೋಗುವವರು, ಮುಂಡಗೋಡಕ್ಕೆ ಹೋಗುವವರು, ಎಲ್ಲಿಗೂ ಹೋಗದೆ ಸುಮ್ಮನೆ ಬಂದು ಕೂತವರು, ಎಲ್ಲರೂ ಕಾಕಾನ ವಿಚಾರಣೆ ಮುಗಿಸಿಯೇ ಮುಂದೆ ಸಾಗಬೇಕು. ಅಣ್ಣತಮ್ಮಂದಿರ ಬದುವಿನ ಜಗಳ, ಗೋವಿನಜೋಳದ ರೇಟು, ಯಾರ ಮಗಳಿಗೆ ಯಾವ ಊರಿನ ವರ, ಯಾರ ಮೊಣಕಾಲಿಗೆ ಯಾವ ಎಣ್ಣೆ: ಕೇಳಿದರೂ ತೀರ್ಪು ಸಿಗುತ್ತದೆ, ಕೇಳದಿದ್ದರೂ ಸಿಗುತ್ತದೆ. ನಿಮ್ಮ ಊರಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹೆಸರು ಮಾತ್ರ ಬೇರೆ ಇರಬಹುದು.

ಹಗಲು ಮಾತು, ರಾತ್ರಿ ಗೊರಕೆ. ಆ ಬಾಯಿಗೆ ಬಿಡುವು ಅಂತ ಇರಲೇ ಇಲ್ಲ. ಆದರೆ ಕಾಕೂನ ದೂರು ಗೊರಕೆಯ ಮೇಲಿರಲಿಲ್ಲ. “ಗೊರಕಿ ಕೇಳಿಸ್ತಿದ್ರ ನನಗ ಛಲೋ ನಿದ್ದಿ. ಅದು ನಿಂತಾಗನ ಎಚ್ಚರಾಗ್ತೈತಿ. ಮನಶ್ಯಾ ಅದಾನೋ ಇಲ್ಲೋ ಅಂತ ಮೂಗಿಗೆ ಕೈ ಹಿಡಿದು ನೋಡ್ತೇನಿ” ಎಂದು ಆಕೆ ಬೆಂಗಳೂರಿನ ಮಗನಿಗೆ ಫೋನಿನಲ್ಲಿ ಹೇಳಿದ್ದೇ ತಡ, ಮಗ ಬಂದು ಅಪ್ಪನನ್ನು ಹುಬ್ಬಳ್ಳಿಯ ಡಾಕ್ಟರ ಮುಂದೆ ಕೂರಿಸಿದ.

ಮೈತುಂಬ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿದರು. ನಿದ್ದೆಯಲ್ಲಿ ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ಕಟ್ಟಿದರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅಂಥವು ಗಂಟೆಗೆ ಸರಾಸರಿ 30 ಮುಟ್ಟಿದರೆ ಕಾಯಿಲೆ ತೀವ್ರ ಎಂದರ್ಥ. ಕಾಕಾನದು 42. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ಕಾಕಾ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಮೆಟ್ರಿಕ್ ಮಾರ್ಕ್ಸಿನ ಹಾಗೆ ಘೋಷಿಸಿದರು. “ಮೂವತ್ತು ಆದ್ರನ ಬಾಳ ಅಂತ. ನಂದು ನಲವತ್ತೆರಡು!” ಎಷ್ಟೋ ವರ್ಷದಿಂದ ತನ್ನ ಸಕ್ಕರೆ ಕಾಯಿಲೆಯ ಅಂಕಿ ಹೇಳಿ ಕಟ್ಟೆಯ ಮೇಲೆ ಮೆರೆಯುತ್ತಿದ್ದವರೊಬ್ಬರು ಅವತ್ತು ಬೇಗನೆ ಮನೆಗೆ ಹೋದರು.

ಮಷಿನ್ನು ಬಂತು. ಸೀಪ್ಯಾಪ್ ಎಂಬ ಅದರ ಹೆಸರು ಊರವರ ಬಾಯಲ್ಲಿ ‘ಗಾಳಿ ಪೆಟಗಿ’ ಆಯಿತು. ಗಂಟಲು ಮುಚ್ಚಿಕೊಳ್ಳದಂತೆ ರಾತ್ರಿಯಿಡೀ ಮೂಗಿನಿಂದ ಗಾಳಿ ಒತ್ತುವುದು ಅದರ ಕೆಲಸ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವಾನ್ ಎಂಬ ಡಾಕ್ಟರು ಇದನ್ನು ಲೋಕಕ್ಕೆ ತಿಳಿಸಿದರು, ಮೊದಮೊದಲು ವ್ಯಾಕ್ಯೂಮ್ ಕ್ಲೀನರಿನ ಮೋಟರು ಬಳಸಿದ್ದರು ಎಂಬುದೆಲ್ಲ ಈಗ ಇಂದೂರಿನ ಶಾಲಾ ಮಕ್ಕಳಿಗೂ ಗೊತ್ತು. ಕಾಕಾನಿಗೆ ಅರ್ಥವಾಗದೆ ಉಳಿದದ್ದು ಒಂದೇ: ಆ ಗಾಳಿಯ ಒತ್ತಡವನ್ನು ನೀರಿನ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ, ನಾಲ್ಕರಿಂದ ಇಪ್ಪತ್ತರವರೆಗೆ. “ಬೋರಿನ ನೀರು ಫೂಟಿನಾಗ, ಮೂಗಿನ ಗಾಳಿ ನೀರಿನಾಗ. ಇದೆಂಥಾ ಲೆಕ್ಕೋ!” ಎಂದು ಆಶ್ಚರ್ಯಪಟ್ಟರು.

ಗೊರಕೆ ಮೊದಲ ರಾತ್ರಿಯೇ ಮಾಯ. ಬೆಳಿಗ್ಗೆ ಎದ್ದ ಕಾಕಾ ಏನೋ ಹೇಳಲು ಹೋದರೆ ನಾಲಿಗೆ ಅಂಗುಳಕ್ಕೆ ಅಂಟಿ ಮಾತೇ ಹೊರಡಲಿಲ್ಲ. ಎರಡು ತಂಬಿಗೆ ನೀರು ಇಳಿದ ಮೇಲೆ ಹೊರಟ ಮೊದಲ ವಾಕ್ಯ: “ಬಾಯಿ ಅನ್ನೂದು ಮೇ ತಿಂಗಳ ಕೆರಿ ಆಗೇತಿ.” ಬಸ್‌ಸ್ಟ್ಯಾಂಡಿಗೆ ಬರುವುದು ಒಂದು ತಾಸು ತಡವಾಯಿತು. ಜನ ಗಾಬರಿಯಾದರು.

ಮತ್ತೆ ಹುಬ್ಬಳ್ಳಿ. ಡಾಕ್ಟರು ಬಿಡಿಸಿ ಹೇಳಿದರು. ಮೂಗಿನಿಂದ ಒಳಹೋದ ಗಾಳಿ, ಬಾಯಿ ತೆರೆದಿದ್ದರೆ ಅಲ್ಲಿಂದ ಹೊರಗೆ ಓಡುತ್ತದೆ. ನಿದ್ದೆಯಲ್ಲಿ ಜೊಲ್ಲು ಒಸರುವುದೇ ಕಡಿಮೆ, ಇದ್ದಷ್ಟನ್ನೂ ಆ ಗಾಳಿ ಒಣಗಿಸುತ್ತದೆ. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕುತ್ತವೆ. ಕೊನೆಗೆ, “ಹಿರ್ಯಾರ, ನೀವು ಬಾಯಿ ಮುಚ್ಕೊಂಡು ಮಲಗಬೇಕು” ಎಂದರು.

ಕಾಕಾನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಬಾಯಿ ಮುಚ್ಚಿಕೊಳ್ಳಿ ಎಂದು ಅವರಿಗೆ ಹುಟ್ಟಿದಾರಭ್ಯ ಯಾರೂ ಹೇಳಿರಲಿಲ್ಲ, ಹೇಳಲು ಸಂದಿಯೇ ಸಿಕ್ಕಿರಲಿಲ್ಲ. ಊರಿಗೆ ಬರುವವರೆಗೂ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಕೇಳುತ್ತಾ ಬಂದರು: “ನನಗ ಹಂಗಂದ್ರಲ್ಲ, ಸರೀನ?” ಬಸ್ಸಿನಲ್ಲಿ ಯಾರೂ ಉತ್ತರ ಕೊಡಲಿಲ್ಲವಂತೆ.

ಆಮೇಲೆ ಶುರುವಾದವು ಸ್ವಂತ ಪ್ರಯೋಗಗಳು. ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಮಲಗಿದರು. ಒಣಬಾಯಿಗೆ ಸಕ್ಕರೆಯೂ ಸೇರಿದರೆ ಹಲ್ಲಿನ ಕತೆ ಮುಗಿಯಿತು ಎಂದು ಡಾಕ್ಟರು ಗದರಿಸಿದರು. ಮೊಮ್ಮಗ ಮೊಬೈಲಿನಲ್ಲಿ ಬಾಯಿಗೆ ಟೇಪ್ ಅಂಟಿಸಿಕೊಂಡು ಮಲಗುವವರ ವಿಡಿಯೋ ತೋರಿಸಿದ. ಕಾಕೂನ ಮುಖ ಅರಳಿದ್ದನ್ನು ನಾನೇ ಕಂಡಿದ್ದೇನೆ. “ಈ ಟೇಪು ನಮ್ಮ ಲಗ್ನದಾಗ ಆಯೇರಿ ಬಂದಿದ್ರ ಎಷ್ಟು ಛಲೋ ಇತ್ತು!” ಆದರೆ ಕಾಕಾನ ಮೂಗು ಕಟ್ಟಿರುವಾಗ ಬಾಯಿಯನ್ನೂ ಕಟ್ಟಿದರೆ ಉಸಿರಾಡುವುದು ಎಲ್ಲಿಂದ? ಡಾಕ್ಟರು ಬೇಡವೇ ಬೇಡ ಎಂದರು. ಕಾಕೂ ಆ ಡಾಕ್ಟರ ಮೇಲಿನ ಅಭಿಮಾನ ಸ್ವಲ್ಪ ಕಡಿಮೆ ಮಾಡಿಕೊಂಡಳು.

ಬಾಯಿ, ಮೂಗು ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕು ತಂದದ್ದಾಯಿತು. ಅದಕ್ಕೆ ಕಾಕಾನ ಮೀಸೆ ಅಡ್ಡ ಬಂತು. ಮೀಸೆಯ ಕೂದಲ ಸಂದಿನಿಂದ ಗಾಳಿ ಸೋರಿ ರಾತ್ರಿಯಿಡೀ ಕಂಡಕ್ಟರ್ ಸೀಟಿ. ಮಗ ಫೋನಿನಲ್ಲಿ, “ಅಪ್ಪಾ, ಮೀಸಿ ತೆಗಿ” ಎಂದ. ಫೋನು ಕಟ್ಟಾಯಿತು. ಆ ವಿಷಯ ಮತ್ತೆ ಯಾರೂ ಎತ್ತಿಲ್ಲ.

ಇನ್ನು ನೀರಿನ ಡಬ್ಬಿ. ಮಷಿನ್ನಿನ ಪಕ್ಕಕ್ಕೆ ಒಂದು ಪಾರದರ್ಶಕ ಡಬ್ಬಿ ಇರುತ್ತದೆ, ಅದರಲ್ಲಿ ಗೆರೆಯವರೆಗೆ ನೀರು ಹಾಕಿದರೆ ಕೆಳಗಿನ ತಟ್ಟೆ ಬೆಚ್ಚಗಾಗಿ ಗಾಳಿಗೆ ತೇವ ಬೆರೆಯುತ್ತದೆ. ಕಾಕಾ ಬೋರಿನ ನೀರು ಹಾಕಿದರು. ವಾರ ಕಳೆಯುವುದರೊಳಗೆ ತಳದಲ್ಲಿ ಬಿಳಿ ಗಸಿ ಕಟ್ಟಿತು, ಉಗುರಿನಿಂದ ಕೆರೆದರೂ ಬಿಡದಂಥದ್ದು. ಡಿಸ್ಟಿಲ್ಡ್ ವಾಟರ್ ಬೇಕು ಎಂದಾಗ ಕಾಕಾ ನೆಟ್ಟಗೆ ಟ್ರ್ಯಾಕ್ಟರ್ ಗ್ಯಾರೇಜಿಗೆ ಹೋಗಿ ಬ್ಯಾಟರಿಗೆ ಹಾಕುವ ನೀರಿನ ಕ್ಯಾನು ಹೊತ್ತು ತಂದರು. “ಮಾವಾರ, ನೀವೇನು ಟ್ರ್ಯಾಕ್ಟರ್ ಏನ್ರಿ?” ಎಂದು ಸೊಸೆ ಅದನ್ನು ಹಿತ್ತಲಿಗಿಟ್ಟು ಮೆಡಿಕಲ್ ಶಾಪಿನಿಂದ ಬಾಟಲಿ ತರಿಸಿದಳು. ಮಾಗಿಯ ಚಳಿಯಲ್ಲಿ ಅದರದೂ ಒಂದು ಫಜೀತಿ. ಹೊರಗಿನ ತಂಪಿಗೆ ಪೈಪಿನೊಳಗಿನ ಆವಿ ನೀರಾಗಿ ನಡುರಾತ್ರಿ ಮೂಗಿಗೆ ಪಿಚಕಾರಿ ಹೊಡೆಯಿತು. ಕಾಕೂ ಹಳೆ ಕೌದಿ ಹರಿದು ಪೈಪಿಗೊಂದು ಅಂಗಿ ಹೊಲಿದಳು.

ಈ ನಡುವೆ, ಬಾಯಿ ಮುಚ್ಚುವುದು ಒಂದು ವಿದ್ಯೆಯೇ ಆಗಿದ್ದರೆ ಬಲ್ಲವರಿಂದಲೇ ಕಲಿಯೋಣ ಎಂದು ಕಾಕಾ ಟಿಬೆಟಿಯನ್ ಕ್ಯಾಂಪಿಗೂ ಹೋಗಿ ಬಂದರು. 1966ರಿಂದ ಮುಂಡಗೋಡದ ಹತ್ತಿರ ನೆಲೆಸಿರುವ ಟಿಬೇಟಿಗರ ಡ್ರೆಪುಂಗ್ ಮಠದ ಲಾಮಾಗಳು ಹಗಲೆಲ್ಲ ಮೌನ ಹಿಡಿದು ಕೂತಿರುತ್ತಾರೆಂಬುದು ಅವರ ನಂಬಿಕೆ. ಹೋದದ್ದು ಶಾಸ್ತ್ರಚರ್ಚೆಯ ಹೊತ್ತಿಗೆ. ಅಂಗಳದ ತುಂಬ ಕೆಂಪು ಬಟ್ಟೆಯ ಲಾಮಾಗಳು. ಕೂತವನೊಬ್ಬ, ಎದುರು ನಿಂತವನೊಬ್ಬ. ನಿಂತವನು ಕಾಲೆತ್ತಿ ನೆಲಕ್ಕೆ ಕುಟ್ಟಿ, ಅಂಗೈಗೆ ಅಂಗೈ ಫಟ್ಟನೆ ಬಡಿದು, ದನಿ ಏರಿಸಿ ಪ್ರಶ್ನೆ ಎಸೆಯುತ್ತಿದ್ದ. ಕಾಕಾ ಸಂಜೆವರೆಗೂ ಅಲ್ಲೇ ಕೂತರು. ಬರುವಾಗ ಮುಖದಲ್ಲಿ ಕಳೆ ಇತ್ತು. “ಅವರೂ ನಮ್ಮಂಥವರ” ಎಂದರು.

ಅಂತೂ ಬಾಯಿ ಒಣಗುವುದು ನಿಂತದ್ದು ಮೂಗು ಬಿಟ್ಟ ಮೇಲೆ. ಗೋವಿನಜೋಳದ ರಾಶಿಯ ಧೂಳಿಗೆ ಸುಗ್ಗಿಯುದ್ದಕ್ಕೂ ಕಟ್ಟುತ್ತಿದ್ದ ಮೂಗಿಗೆ ಡಾಕ್ಟರು ಸ್ಪ್ರೇ ಕೊಟ್ಟು, ಉಪ್ಪುನೀರಿನಲ್ಲಿ ತೊಳೆಯಲು ಕಲಿಸಿದರು. ಮೂಗು ಸಡಿಲಾದದ್ದೇ ಮೊದಲಿನ ಸಣ್ಣ ಮಾಸ್ಕು ಸಾಕಾಯಿತು, ಗದ್ದಕ್ಕೊಂದು ಪಟ್ಟಿ ಬಂತು. ಆ ಪಟ್ಟಿ ಕಟ್ಟಿಕೊಂಡ ಕಾಕಾನನ್ನು ಕಂಡರೆ ಯಾರಿಗಾದರೂ ಹಲ್ಲುನೋವಿನವರೆಂದೇ ಅನ್ನಿಸೀತು. ಬೆಳಿಗ್ಗೆ ನಾಲಿಗೆ ಈಗ ಹಸಿ ಹಸಿ. ಮೊದಲ ಬಸ್ಸಿಗಿಂತ ಮುಂಚೆ ಅವರು ಕಟ್ಟೆಯ ಮೇಲೆ ಹಾಜರು.

ಆದರೆ ಮೂಗಿನ ಮಾಸ್ಕಿಗೆ ಇನ್ನೊಂದು ಗುಣವಿದೆ. ಅದನ್ನು ಹಾಕಿಕೊಂಡು ಮಾತಾಡಲು ಬಾಯಿ ತೆರೆದರೆ ಗಾಳಿ ಭುಸ್ಸೆಂದು ಬಾಯಿಂದ ಹೊರಬೀಳುತ್ತದೆ, ಮಾತು ಮಾತಾಗಿ ಹೊರಡುವುದಿಲ್ಲ. ಕಿತ್ತೆಸೆಯೋಣವೆಂದರೆ ಎಷ್ಟು ಹೊತ್ತು ಹಾಕಿದ್ದರು ಎಂಬ ವರದಿಯನ್ನು ಮಷಿನ್ನೇ ಬೆಂಗಳೂರಿನ ಮಗನ ಮೊಬೈಲಿಗೆ ಕಳಿಸುತ್ತದೆ. ಇದನ್ನು ಎಲ್ಲರಿಗಿಂತ ಮೊದಲು ಅರಿತವಳು ಕಾಕೂ. ಆ ಮನೆಯ ಠರಾವುಗಳೆಲ್ಲ ಈಗ ಮಂಡನೆಯಾಗುವುದು ರಾತ್ರಿ ಮಾಸ್ಕಿನ ಪಟ್ಟಿ ಬಿಗಿದ ಮೇಲೆ. ಮೊನ್ನೆ, ಎಷ್ಟೋ ವರ್ಷದಿಂದ ಕಾಕಾ ಒಪ್ಪದಿದ್ದ ಮಾತು ಎತ್ತಿದಳು. “ಮ್ಯಾಲಿನ ಹೊಲ ಶುಂಠಿಗೆ ಲಾವಣಿ ಕೊಡೂಣೇನ್ರಿ?” ಕಾಕಾ ಎದ್ದು ಕೂತರು, ಕೈ ಬೀಸಿದರು, ತಲೆ ಅಲ್ಲಾಡಿಸಿದರು. ತಲೆಯ ಜೊತೆ ಕೌದಿಯ ಅಂಗಿ ತೊಟ್ಟ ಪೈಪೂ ಅಲ್ಲಾಡಿತು. “ಹೂಂ ಅಂದ್ರಲ್ಲ, ಅಷ್ಟ ಸಾಕು” ಎಂದು ಕಾಕೂ ಲೈಟು ಆರಿಸಿದಳು.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾದಿದ್ದವರಿಗೆಲ್ಲ ಕಾಕಾ ವಿವರಿಸುತ್ತಿದ್ದರು: “ಬಾಳ ವಿಚಾರ ಮಾಡಿ ನಾನ ತೀರ್ಮಾನ ತಗೊಂಡೆ. ಮ್ಯಾಲಿನ ಹೊಲಕ್ಕ ಈ ಸಲ ಶುಂಠಿನ ಸೈ.”